ಪಂಪು ರಿಪೇರಿಗೆ ಹೋದ ಇಬ್ಬರು ಮಕ್ಕಳು

ಬರುವ ಆಟಿ ತಿಂಗಳಿಗೆ, ಅಂದರೆ ಜುಲೈ ನಡುವಿಗೆ, ಉಲ್ಲಾಸ್ ತೀರಿಕೊಂಡು ಒಂದು ವರ್ಷ. ಅವನ ಬಗ್ಗೆ ನಾಲ್ಕು ಸಾಲು ಬರೆಯಲು ಕೂತಾಗಲೆಲ್ಲ ನನಗೆ ನೆನಪಾಗುವುದು ಎರಡು ವರ್ಷದ ಹಿಂದಿನ ಬೇಸಗೆ.

ಅವನು ಬೆಳ್ಳಾರೆ ಕಡೆಯವನು, ಪಂಪು ರಿಪೇರಿಯವನು. ಸವಣೂರಿನಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಅವನು ಬಾವಿಯಿಂದ ಎತ್ತಿ ತಂದ ಸುಟ್ಟ ಮೋಟರಿಗೆ ನಾನು ಹೊಸ ತಂತಿ ಸುತ್ತಿ ಕೊಡುತ್ತಿದ್ದೆ. ಹದಿನಾಲ್ಕು ವರ್ಷ ಹೀಗೇ ನಡೆಯಿತು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಪಂಪು ಕೆಟ್ಟರೆ ತೋಟದವರಿಗೆ ನಿದ್ರೆ ಬರುವುದಿಲ್ಲ. ಆ ಎರಡು ತಿಂಗಳು ಉಲ್ಲಾಸನ ಫೋನು ಕಿಸೆಗೆ ಇಳಿದದ್ದನ್ನು ನಾನು ನೋಡಿಲ್ಲ.

ಅವನ ಹೆಂಡತಿ ಭವಿತಾಳ ಬಿ.ಎಡ್. ಪರೀಕ್ಷೆ ಬಂದದ್ದೂ ಅದೇ ಸಮಯಕ್ಕೆ. ಕೊನೆಯ ಸೆಮಿಸ್ಟರನ್ನು ಅವಳು ಎರಡು ಸಲ ಕೈಬಿಟ್ಟಿದ್ದಳು. ಒಮ್ಮೆ ಮಗ ಯಶಸ್ವಿ ಹುಟ್ಟುವಾಗ, ಇನ್ನೊಮ್ಮೆ ಮಗಳು ಧನ್ವಿ ಹೊಟ್ಟೆಯಲ್ಲಿದ್ದಾಗ. ಈ ಸಲ ಬರೆಯದಿದ್ದರೆ ಮತ್ತೆ ಅವಕಾಶವಿಲ್ಲ ಎಂದು ಕಾಲೇಜಿನವರು ತಿಳಿಸಿದ್ದರು. ಯಶಸ್ವಿಗೆ ಎರಡೂವರೆ ವರ್ಷ, ಧನ್ವಿಗೆ ಏಳು ತಿಂಗಳು. ಉಲ್ಲಾಸನ ಅಮ್ಮ ದೇವಮ್ಮ ಸೊಂಟ ಮುರಿದುಕೊಂಡು ಮಲಗಿದ್ದರು. ಅವರನ್ನು ನೋಡಿಕೊಳ್ಳುವುದೇ ಅಪ್ಪ ಚನಿಯಪ್ಪ ಗೌಡರಿಗೆ ಇಡೀ ದಿನದ ಕೆಲಸ.

"ಮಕ್ಕಳನ್ನು ನಾನು ಕರ್ಕೊಂಡು ಹೋಗ್ತೇನೆ," ಎಂದ ಉಲ್ಲಾಸ್, ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು.

"ಎಲ್ಲಿಗೆ?"

"ಪಂಪು ರಿಪೇರಿಗೆ."

"ನಿನಗೆ ಮಂಡೆ ಸರಿ ಉಂಟಾ ಮಾರಾಯ?"

"ಮಂಡೆ ಸರಿ ಉಂಟು. ಓಮ್ನಿಯ ಬ್ರೇಕ್ ಮಾತ್ರ ಒಮ್ಮೆ ನೋಡ್ಬೇಕು."

ಮರುವಾರದಿಂದ ಅವನ ಓಮ್ನಿಯ ಹಿಂಬದಿಯಲ್ಲಿ ಪೈಪು, ಸ್ಪ್ಯಾನರುಗಳ ಜೊತೆಗೆ ಮಣ್ಣಿಯ ಫ್ಲಾಸ್ಕು, ಬಟ್ಟೆಯ ಬುಟ್ಟಿ, ಭವಿತಾಳ ಹಳೆಯ ಸೀರೆ ಸೇರಿದವು. ಮಣ್ಣಿ ಎಂದರೆ ಮಗುವಿಗೆ ಕಾಯಿಸುವ ರಾಗಿಯ ಗಂಜಿ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಅವನೇ ಕಾಯಿಸುತ್ತಿದ್ದ. ಸೀರೆ ಜೋಲಿಗೆ, ಹೋದ ಮನೆಯ ಜಗಲಿಯಲ್ಲಿ ಕಟ್ಟಿ ಧನ್ವಿಯನ್ನು ಮಲಗಿಸುವುದು. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇದ್ದರೆ ಮಾತ್ರ ಅವನು ಪಂಪಿಗೆ ಕೈ ಹಾಕುತ್ತಿದ್ದ. ಇಲ್ಲದಿದ್ದರೆ ಎಷ್ಟೇ ದೊಡ್ಡ ಕುಳವಾದರೂ, "ನಾಳೆ ಬರ್ತೇನೆ," ಎಂದು ಓಮ್ನಿ ತಿರುಗಿಸುವುದು.

ಪರೀಕ್ಷೆಯ ದಿನಗಳಲ್ಲಿ ಮೊದಲು ಭವಿತಾಳನ್ನು ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಇಳಿಸುತ್ತಿದ್ದ. ಇಳಿಸುವಾಗ ಧನ್ವಿಯನ್ನು ತೋರಿಸಿ ಒಂದೇ ಮಾತು: "ಹಿಂದೆ ತಿರುಗಿ ನೋಡ್ಬೇಡ. ನೀನು ನೋಡಿದ್ರೆ ಇವಳು ಕೂಗ್ತಾಳೆ."

ನಮ್ಮಲ್ಲಿ ಮಗು ಮೊದಲ ಸಲ ಮನೆಗೆ ಬಂದರೆ ಬರಿಗೈಯಲ್ಲಿ ಕಳಿಸುವುದಿಲ್ಲ. ಧನ್ವಿಗೆ ಎಲ್ಲ ಮನೆಯೂ ಮೊದಲನೆಯದೇ. ಹೋದಲ್ಲೆಲ್ಲ ತೆಂಗಿನಕಾಯಿ. ಸಂಜೆ ಓಮ್ನಿ ನನ್ನ ಅಂಗಡಿಯ ಮುಂದೆ ನಿಂತರೆ ಕಾಯಿಗಳು ಉರುಳುವ ಸದ್ದು ಮೊದಲು ಕೇಳುತ್ತಿತ್ತು. ಯಶಸ್ವಿಗೆ ಬೆಲ್ಲದ ಚಟ ಹಿಡಿಯಿತು. ರಾಮಕುಂಜದ ಯಜ್ಞೇಶ್ವರ ಭಟ್ಟರ ಮನೆಯಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು. ಎರಡನೆಯ ಸಲ ಹೋದಾಗ ಯಶಸ್ವಿ ತಾನೇ ಮೆಟ್ಟಿಲಲ್ಲಿ ಕೂತು, ಅಂಗೈ ಚಾಚಿ, "ಬೆಲ್ಲ," ಎಂದನಂತೆ.

"ಎಂತ ಉಲ್ಲಾಸ, ನಿನ್ನ ಮೇಸ್ತ್ರಿ ಬೆಲ್ಲ ಸಿಗದೆ ಕೆಲಸ ಸುರು ಮಾಡುದಿಲ್ವಾ?" ಎಂದರು ಭಟ್ಟರು.

"ಮೇಸ್ತ್ರಿಗೆ ಕೊಟ್ಟದ್ದು ಸಾಕು, ಹೆಲ್ಪರಿಗೂ ಒಂದು ತುಂಡು ಕೊಡಿ," ಎಂದು ಇವನೂ ಕೈ ಚಾಚಿದ.

ಪಂಪು ಸರಿಯಾಗಿ ಸ್ಪ್ರಿಂಕ್ಲರ್ ತಿರುಗಿತೆಂದರೆ ಯಶಸ್ವಿ ಚಡ್ಡಿ ಕಳಚಿ ಅದರ ಕೆಳಗೆ ಓಡುತ್ತಿದ್ದ. ಭಟ್ಟರ ಹೆಂಡತಿ ಈಶ್ವರಿಯಮ್ಮ ಧನ್ವಿಯನ್ನು ಅಡಿಕೆ ಹಾಳೆಯ ಮೇಲೆ ಮಲಗಿಸಿ ಮೀಯಿಸಿ ಕೊಡುತ್ತಿದ್ದರು. ದಿನಕ್ಕೆ ಮೂರು ಮನೆ, ಮೂರು ಸ್ನಾನ. "ನನ್ನ ಮಕ್ಕಳಷ್ಟು ಚೊಕ್ಕ ಮಕ್ಕಳು ತಾಲೂಕಿನಲ್ಲೇ ಇಲ್ಲ," ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ.

ಊರಿನವರು ನಗಾಡಿದರು. ನಾನೂ ನಗಾಡಿದೆ. ನಾಲ್ಕು ಪೇಪರು ಮುಗಿಯುವಾಗ ನಗು ನಿಂತಿತು. ಉಳಿದದ್ದು ಒಂದೇ ಪೇಪರು.

ಆ ಕೊನೆಯ ದಿನ ಅವನು ನೆಲ್ಯಾಡಿಯಲ್ಲಿ ರಿಯಾಝ್ ಎಂಬವರ ಮನೆಯಲ್ಲಿದ್ದ. ಅವರ ಮನೆಯಲ್ಲಿ ಎರಡು ದಿನದಿಂದ ಕುಡಿಯಲು ನೀರಿಲ್ಲ. ಹನ್ನೊಂದೂಕಾಲಿಗೆ ನನಗೆ ಫೋನು ಬಂತು. ಅವನ ಮಾತಿಗಿಂತ ಮೊದಲು ಕೇಳಿಸಿದ್ದು ಧನ್ವಿಯ ಬೊಬ್ಬೆ.

"ಮಣ್ಣಿ ಇಲ್ಲ ಮಾರಾಯ. ಯಶಸ್ವಿ ಇಡೀ ಫ್ಲಾಸ್ಕನ್ನು ಕೋಳಿಗಳಿಗೆ ಸುರಿದಿದ್ದಾನೆ. ಹುಡಿಯ ಹಾಲು ಕಲಸಿ ಕೊಟ್ರೆ ಇವಳು ಉಗುಳ್ತಾಳೆ. ಒಂದು ಗಂಟೆಯಿಂದ ಕೂಗ್ತಾ ಇದ್ದಾಳೆ, ಈಗ ಸ್ವರ ಒಡೆದಿದೆ."

"ಈಗ ಎಂತ ಮಾಡ್ತಿ?"

"ಕಾಲೇಜಿಗೆ ಹೋಗಿ ಭವಿತಾಳನ್ನು ಹೊರಗೆ ಕರೀತೇನೆ. ಮತ್ತೆಂತ ಮಾಡುದು?"

ಪರೀಕ್ಷೆ ಮುಗಿಯಲು ಇನ್ನೂ ಒಂದೂಮುಕ್ಕಾಲು ಗಂಟೆ ಇತ್ತು. ಕರೆದರೆ ಅವಳು ಬರುತ್ತಾಳೆ, ಬಂದರೆ ಅಲ್ಲಿಗೆ ಮುಗಿಯಿತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಗ ಫೋನಿನಲ್ಲಿ ಒಬ್ಬ ಹೆಂಗಸಿನ ಸ್ವರ ಕೇಳಿತು. ರಿಯಾಝರ ಹೆಂಡತಿ ನುಸೈಬಾ.

"ಅಣ್ಣಾ, ಮಗುವನ್ನು ಇಲ್ಲಿ ಕೊಡಿ. ನನ್ನ ಮಗ ಮಶೂದನಿಗೆ ಒಂಬತ್ತು ತಿಂಗಳು. ನಿಮಗೆ ಬೇಜಾರಿಲ್ಲದಿದ್ರೆ ನಾನು ಹಾಲು ಕೊಡ್ತೇನೆ."

"ನೀವಾ?" ಎಂದ ಉಲ್ಲಾಸ್.

"ನಮ್ಮಲ್ಲಿ ಒಬ್ಬಳದೇ ಹಾಲು ಐದು ಸಲ ಕುಡಿದ್ರೆ ಮಕ್ಕಳು ಅಣ್ಣ-ತಂಗಿ ಆಗ್ತಾರೆ," ಎಂದಳು ಅವಳು. "ಇದು ಒಂದೇ ಸಲ ಅಲ್ವಾ. ಹೆದರ್ಬೇಡಿ."

"ಹೆದರಿಕೆ ಎಂತದ್ದು ಅಕ್ಕ," ಎಂದ ಅವನು. ಸ್ವಲ್ಪ ಹೊತ್ತಿನಲ್ಲಿ ಬೊಬ್ಬೆ ನಿಂತಿತು. ಫೋನು ಕಟ್ ಮಾಡಲು ಅವನಿಗೆ ನೆನಪಿರಲಿಲ್ಲ. ಸ್ಪ್ಯಾನರಿನ ಸದ್ದು ಕೇಳಿದ ಮೇಲೆ ನಾನೇ ಕಟ್ ಮಾಡಿದೆ.

ಮಧ್ಯಾಹ್ನ ರಿಯಾಝರ ಮನೆಯ ಟ್ಯಾಂಕಿಗೆ ನೀರು ಬಿತ್ತು. ಪುತ್ತೂರಿನಲ್ಲಿ ಭವಿತಾ ಕೊನೆಯ ಪೇಪರು ಪೂರ್ತಿ ಬರೆದು ಹೊರಗೆ ಬಂದಳು. ಹಿಂದೆ ಬರುವಾಗ ಉಲ್ಲಾಸ್ ಹಾಲಿನ ವಿಷಯ ತೆಗೆಯಲಿಲ್ಲವಂತೆ. ಅವಳಿಗೆ ಬೇಸರವಾದೀತು ಎಂದು ಅವನ ಹೆದರಿಕೆ. ಸವಣೂರಿನಲ್ಲಿ, ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ನನ್ನೆದುರೇ ಹೇಳಿದ.

ಭವಿತಾ ಮಗುವಿನ ಮುಖ ನೋಡಿದಳು. "ಹೊಟ್ಟೆ ತುಂಬ ಕುಡಿದಿದ್ದಾಳಾ?"

"ಕುಡಿದಿದ್ದಾಳೆ."

"ಐದು ಸಲ ಅಂತ ಹೇಳಿದ್ರಾ ಅವರು?"

"ಹೌದು."

"ಹಾಗಾದ್ರೆ ಇನ್ನು ನಾಲ್ಕು ಉಂಟು."

ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮಳೆಗಾಲ ಮುಗಿಯುವ ಮೊದಲು ಅವರು ನಾಲ್ಕು ಸಲ ನೆಲ್ಯಾಡಿಗೆ ಹೋಗಿ ಬಂದರು. ಒಮ್ಮೆ ನಾನೂ ಹೋಗಿದ್ದೆ. ಭವಿತಾ ತಾನೇ ಮಗುವನ್ನು ಒಳಗೆ ಕೊಂಡುಹೋಗಿ ನುಸೈಬಾಳ ಮಡಿಲಿಗೆ ಹಾಕಿದಳು. ಹೊರಗೆ ಉಲ್ಲಾಸ್ ಮತ್ತು ರಿಯಾಝ್ ಯಾವ ಕಂಪನಿಯ ಪಂಪು ಒಳ್ಳೆಯದೆಂದು ಜಗಳ ಮಾಡುತ್ತಿದ್ದರು.

ರಿಸಲ್ಟ್ ಬಂದ ದಿನ ಅವನು ಅಂಗಡಿಯ ಹೊರಗಿನಿಂದಲೇ ಕೂಗಿದ. "ನಾನು ಪಾಸ್ ಮಾರಾಯ!"

"ಬರೆದದ್ದು ಯಾರು?"

"ಬರೆದದ್ದು ಅವಳು. ಮಣ್ಣಿ ಕಾಯಿಸಿದ್ದು ಯಾರು?"

ಮರುವರ್ಷ ಜೂನಿನಲ್ಲಿ ಭವಿತಾ ಒಂದು ಹೈಸ್ಕೂಲಿನಲ್ಲಿ ಟೀಚರ್ ಆಗಿ ಸೇರಿದಳು. ಅವಳು ಪಾಠ ಮಾಡಲು ಹೋಗುವುದನ್ನು ಅವನು ಒಂದೂವರೆ ತಿಂಗಳು ನೋಡಿದ. ಆಟಿಯ ಒಂದು ಬೆಳಗ್ಗೆ ಎದೆನೋವೆಂದ. ಪುತ್ತೂರು ಮುಟ್ಟುವ ಮೊದಲೇ ಹೋಗಿಬಿಟ್ಟ. ಮೂವತ್ತೇಳು ವರ್ಷ. ಮೂರು ತಾಲೂಕಿನಿಂದ ಜನ ಬಂದರು. ಭಟ್ಟರು ಜಗಲಿಯ ಕಂಬ ಹಿಡಿದು ನಿಂತೇ ಇದ್ದರು. ನುಸೈಬಾ ಬಂದವಳೇ ಧನ್ವಿಯನ್ನು ಎತ್ತಿಕೊಂಡಳು, ಸಂಜೆಯವರೆಗೆ ಇಳಿಸಲಿಲ್ಲ.

ಅವನು ಒಳ್ಳೆಯ ಮೆಕ್ಯಾನಿಕ್ ಎಂದು ಎಲ್ಲರೂ ಹೇಳುತ್ತಾರೆ. ಹೌದು. ಅವನು ಎತ್ತಿದ ಪಂಪುಗಳು ಇವತ್ತಿಗೂ ನೀರು ಕೊಡುತ್ತಿವೆ. ಆದರೆ ನನಗೆ ಅವನ ಗೆಳೆಯನೆಂದು ಹೇಳಿಕೊಳ್ಳಲು ಹೆಮ್ಮೆ ತರುವುದು ಮಕ್ಕಳನ್ನು ಓಮ್ನಿಯಲ್ಲಿ ಹಾಕಿಕೊಂಡು ತಿರುಗಿದ ಆ ಆರು ವಾರ.

ಕಳೆದ ತಿಂಗಳು ಭವಿತಾಳ ಫೋನು ಬಂತು. "ಅಣ್ಣ, ಪುತ್ತೂರಿನಲ್ಲಿ ನನಗೆ ಮೂರು ದಿನ ಟ್ರೈನಿಂಗ್ ಉಂಟು. ಮಕ್ಕಳನ್ನು ನೆಲ್ಯಾಡಿಗೆ ಬಿಡ್ತೀರಾ?"

ಅವನ ಓಮ್ನಿಯನ್ನು ನಾನು ಓಡಿಸಿದೆ. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಭವಿತಾ ಇಳಿದಳು. ಸೀರೆಯ ನೆರಿಗೆ ಸರಿಮಾಡಿಕೊಂಡು, ಬ್ಯಾಗು ಹೆಗಲಿಗೆ ಹಾಕಿ ನಡೆದಳು. ಧನ್ವಿ ಕಿಟಕಿಗೆ ಮುಖ ಒತ್ತಿ, "ಅಮ್ಮ ನೋಡುದಿಲ್ಲ," ಎಂದು ಬಾಯಿ ಸೊಟ್ಟ ಮಾಡಿದಳು.

"ನೋಡ್ಲಿಕ್ಕಿಲ್ಲ," ಎಂದ ಯಶಸ್ವಿ. "ಅಪ್ಪ ಹೇಳಿದ್ದು. ನೀನು ಕೂಗ್ಬೇಡ, ನಿನ್ನ ಮಶೂದಣ್ಣನ ಮನೆಗೆ ಹೋಗುದು ನಾವು."

ಭವಿತಾ ತಿರುಗಲಿಲ್ಲ. ಧನ್ವಿ ಕೂಗಲಿಲ್ಲ.