ಹೆನ್ರಿಯ ತಾಯಿ

ದೆವ್ವ, ಭೂತ ಎಂದು ಯಾರಾದರೂ ಮಾತೆತ್ತಿದರೆ ಎದ್ದು ಹೋಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಸಿಟ್ಟು ಇನ್ನೂ ಆರಿಲ್ಲ, ಮಾತು ಒರಟಾದರೆ ಸಹಿಸಿಕೊಳ್ಳಿ.

ನನ್ನ ಗಂಡ ಮಾರ್ಕ್ ಅಮೆರಿಕದವನು, ನಾವಿರುವುದೂ ಇಲ್ಲೇ. ಹತ್ತಿರದ ಕೆನ್ಮೋರ್ ಊರಿನಲ್ಲಿರುವ ಮಾವನವರಿಗೆ ಸದಾ ಅವರ ಮುತ್ತಜ್ಜ ಹೆನ್ರಿಯದೇ ಜಪ. ಹತ್ತೊಂಬತ್ತನೇ ಶತಮಾನದಲ್ಲಿ ಸ್ನೊಕ್ವಾಲ್ಮಿಯ ಕಾಡಿನಲ್ಲಿ ಮರ ಕಡಿದು ಬದುಕು ಕಟ್ಟಿದವನಂತೆ. ಅವನ ಅಪ್ಪ ಅಮ್ಮ ಇಬ್ಬರೂ ಇಂಗ್ಲೆಂಡಿನಿಂದ ಬಂದವರಂತೆ. "ನಮ್ಮದು ಬೆರಕೆಯಿಲ್ಲದ ರಕ್ತ" ಎಂದು ನಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ, ನನ್ನ ಮಗಳು ಅನುವಿನ ಎದುರಿಗೇ ಹೇಳುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಬಡಿಸುತ್ತಿದ್ದೆ.

ಅವರ ಹುಟ್ಟುಹಬ್ಬಕ್ಕೆ ಹೆನ್ರಿಯ ವಂಶವೃಕ್ಷ ಮಾಡಿಕೊಡುವ ಕೆಲಸ ನನ್ನ ತಲೆಗೇ ಬಂತು. ಅಪ್ಪನ ಕಡೆಯದೆಲ್ಲ ಸಿಕ್ಕಿತು. ತಾಯಿಯ ಹೆಸರು ಮಾತ್ರ ಎಲ್ಲೂ ಇಲ್ಲ. ಅವನ ಸಮಾಧಿಯ ಕಲ್ಲಿನ ಮೇಲಾದರೂ ಇದ್ದೀತೆಂದು ಒಂದು ಮಧ್ಯಾಹ್ನ ಪುಟ್ಟ ಅನುವನ್ನು ಕೂರಿಸಿಕೊಂಡು ಸ್ನೊಕ್ವಾಲ್ಮಿಗೆ ಡ್ರೈವ್ ಮಾಡಿದೆ. ಸಣ್ಣ ಹಳೇ ಸ್ಮಶಾನ. ಒಳ್ಳೆ ಬಿಸಿಲು. ನಮ್ಮಿಬ್ಬರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

ನಾನು ಹೆನ್ರಿಯ ಕಲ್ಲಿನ ಪಾಚಿ ಕೆರೆಯುತ್ತಿದ್ದೆ. ತಿರುಗಿ ನೋಡಿದರೆ ಅನು ಬೇಲಿಯ ಹತ್ತಿರ ನಿಂತು ಯಾರಿಗೋ ತಲೆಯಾಡಿಸುತ್ತಿದ್ದಾಳೆ.

"ಯಾರ ಜೊತೆ ಮಾತಾಡ್ತಿದೀಯ ಪುಟ್ಟಿ?"

ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು: "ಹೆನ್ರಿಯ ಅಮ್ಮನ ಜೊತೆ. ಈ ದೊಡ್ಡ ಮರದ ಕೆಳಗೆ ಇದಾಳಂತೆ. ಇವರ ಜನ ಅಲ್ಲ ಅಂತ ಬೇಲಿ ಒಳಗೆ ಬಿಡಲಿಲ್ಲವಂತೆ."

ಬೇಲಿಯಾಚೆ ಒಂದು ಸೀಡರ್ ಮರ, ಅಷ್ಟೆ. ಕಲ್ಲಿಲ್ಲ, ಗುರುತಿಲ್ಲ, ಯಾರೂ ಇಲ್ಲ. ಮಗುವನ್ನು ಎತ್ತಿಕೊಂಡು ಕಾರಿಗೆ ಓಡಿದೆ.

ಮಾರ್ಕ್ ಅವತ್ತು ಅಪ್ಪನ ಮನೆಯಲ್ಲಿದ್ದ. ನೇರ ಅಲ್ಲಿಗೇ ಹೋಗಿ, ಧೈರ್ಯ ತಂದುಕೊಂಡು, ತಮಾಷೆಯೆಂಬಂತೆ ಎಲ್ಲವನ್ನೂ ಹೇಳಿದೆ. ಮಾವನವರು ನಗಲಿಲ್ಲ. "ಆ ಮರದ ವಿಷಯ ನಿನಗೆ ಯಾರು ಹೇಳಿದ್ದು?" ಎಂದು ಮೇಜು ಗುದ್ದಿದರು. "ನಮ್ಮಜ್ಜಿ ಸಾಯೋ ಮುಂಚೆ ನನ್ನೊಬ್ಬನಿಗೇ ಹೇಳಿದ್ದು ಅದು!"

ಆಮೇಲೆ ಅವರ ಬಾಯಿಂದಲೇ ಹೊರಬಿತ್ತು: ಹೆನ್ರಿಯ ತಾಯಿ ಈ ನೆಲದ ಮೂಲನಿವಾಸಿ ಹೆಣ್ಣು. ಅದು ಅವರಿಗೆ ಹುಡುಗನಾಗಿದ್ದಾಗಿನಿಂದ ಗೊತ್ತಿತ್ತು! ಗೊತ್ತಿದ್ದೂ ಇಷ್ಟು ವರ್ಷ ನನ್ನ ಮಗುವಿನ ಮುಂದೆ ರಕ್ತದ ಮಾತು. ನನ್ನ ಭಯವೆಲ್ಲ ಹಾರಿಹೋಗಿ ಸಿಟ್ಟು ನೆತ್ತಿಗೇರಿತು.

"ವಂಶವೃಕ್ಷದಲ್ಲಿ ಅದನ್ನ ಬರೀಬೇಡ," ಎಂದರು.

"ಮೊದಲು ಅದನ್ನೇ ಬರೀತೀನಿ," ಎಂದೆ.

ಅಪ್ಪನಿಗೆ ಎಂದೂ ಎದುರಾಡದ ಮಾರ್ಕ್ ಎದ್ದು ಬಂದು ನನ್ನ ಪಕ್ಕ ನಿಂತ. ಬರೆದೆ. ಹೆಸರು ಗೊತ್ತಿಲ್ಲದ್ದರಿಂದ "ತಾಯಿ, ಮೂಲನಿವಾಸಿ ಹೆಣ್ಣು" ಎಂದಷ್ಟೇ ಬರೆದೆ. ಹುಟ್ಟುಹಬ್ಬದ ದಿನ ಕೊಟ್ಟಾಗ ಮಾವನವರು ಅದನ್ನು ಮುಟ್ಟಲಿಲ್ಲ. ಅವರು ನಮ್ಮ ಮನೆಗೆ ಕಾಲಿಟ್ಟು ವರ್ಷಗಳಾದವು. ಇಡುವುದೂ ಬೇಡ.

ಆದರೆ ಮಗುವಿಗೆ ಹೇಳಿದ್ದು ಯಾರು? ಮಾರ್ಕ್ ಕಾಕತಾಳೀಯ ಎನ್ನುತ್ತಾನೆ. ನಾನೂ ಹಾಗೆಂದುಕೊಳ್ಳಲು ನೋಡಿದ್ದೇನೆ, ಆಗುತ್ತಿಲ್ಲ. ಮೊನ್ನೆ ಆ ಮರದ ವಿಷಯ ಅನುವನ್ನೇ ಕೇಳಿದೆ. ಈಗ ನನ್ನ ಭುಜದೆತ್ತರ ಬೆಳೆದಿದ್ದಾಳೆ. ಫೋನಿನಿಂದ ತಲೆಯೆತ್ತಿ, "ಯಾವ ಮರ, ಅಮ್ಮ?" ಎಂದಳು.