ಬಾಗಿಲಲ್ಲಿ ಬಿಟ್ಟ ಬೂಟು

ಅಣ್ಣನನ್ನು ಹಿಡಿದುಕೊಟ್ಟವಳು ನಾನೇ, ಇರ್ಯಾ. ಊರಿನವರು ಇಪ್ಪತ್ತು ವರ್ಷದಿಂದ ಬೆನ್ನ ಹಿಂದೆ ಆಡಿಕೊಳ್ಳುವುದನ್ನು ನಾನೇ ಹೇಳಿಬಿಡುತ್ತೇನೆ. ಪಾಪ, ಅವರಿಗೆ ಆ ಶ್ರಮ ಬೇಡ.

ನಮ್ಮ ರೌನೊ ಅಣ್ಣ ಉತ್ತರದ ಈ ಕೈನು ಸೀಮೆಗೇ ಹೆಸರಾದ ಹಂದಿ ಕಡಿಯುವವನು. ಚಳಿ ಶುರುವಾಯಿತೆಂದರೆ ಎಲ್ಲ ಮನೆಗೂ ಅವನೇ ಬೇಕು. ಒಂದೇ ಏಟು, ಹಂದಿ ಕಿರುಚುತ್ತಲೂ ಇರಲಿಲ್ಲ. "ರೌನೊನ ಕೈ ಚೊಕ್ಕ" ಎಂದು ಹೊಗಳಿದ ಬಾಯಿಗಳೇ ಆಮೇಲೆ "ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು" ಎಂದವು. ಶುದ್ಧ ಸುಳ್ಳು. ಮನೆಯಲ್ಲಿದ್ದ ನನಗೇ ಇರಲಿಲ್ಲ. ಪೇಟೆಯ ಮರದ ವ್ಯಾಪಾರಿಯೊಬ್ಬ ಆ ಚೊಕ್ಕ ಕೈಯನ್ನು ಮನುಷ್ಯರ ಮೇಲೆ ಎತ್ತಲು ಬಾಡಿಗೆಗೆ ಹಿಡಿದಿದ್ದ. ದೂರದ ತುರ್ಕು ಪಟ್ಟಣದಲ್ಲಿ ಒಬ್ಬ ಸತ್ತ, ತಂಪೆರೆ ಪಟ್ಟಣದಲ್ಲಿ ಒಬ್ಬ. ಎರಡು ಸಲವೂ ಅಣ್ಣ ಅಮ್ಮನಿಗೆ ಒಳ್ಳೆಯ ಕಾಫಿಪುಡಿ ತಂದ. ನಾನೂ ಕುಡಿದೆ.

ಮೂರನೆಯವನು ಪಕ್ಕದೂರಿನ ಓಸ್ಮೊ, ಅದೇ ವ್ಯಾಪಾರಿಯ ಎದುರಾಳಿ. ಫೆಬ್ರವರಿಯ ಒಂದು ಬೆಳಿಗ್ಗೆ ಅಣ್ಣ ಅವನ ಬಾಗಿಲು ತಟ್ಟಿದ. "ಬಾ ಒಳಗೆ" ಅಂದ ಓಸ್ಮೊ. ಅಣ್ಣ ಬೂಟು ಬಿಚ್ಚಿ, ಗೋಡೆಗೆ ಒತ್ತಿ ಜೋಡಿಸಿಟ್ಟು, ಬರೀ ಕಾಲುಚೀಲದಲ್ಲಿ ಒಳಗೆ ಹೋದ. ಕೊಲ್ಲಲು ಹೋದವನು! ಏನು ಮಾಡುವುದು, ಬಾ ಎಂದವರ ಮನೆಯ ನೆಲವನ್ನು ಬೂಟುಗಾಲಲ್ಲಿ ತುಳಿಯಲು ನಮ್ಮಲ್ಲಿ ಎಂಥವನಿಗೂ ಮನಸ್ಸು ಬರುವುದಿಲ್ಲ. ಕೊಟ್ಟ ಕಾಫಿ ಕುಡಿದು ಗುಂಡು ಹೊಡೆದ. ಅಷ್ಟರಲ್ಲಿ ಓಸ್ಮೊನ ಹೆಂಡತಿ ಹಿಲ್ಕ ಮಕ್ಕಳೊಂದಿಗೆ ಅಂಗಳಕ್ಕೆ ಬಂದಳು. ಅಣ್ಣ ಹಿಂಬಾಗಿಲಿನಿಂದ ಹಿಮದಲ್ಲಿ ಓಡಿದ.

ಹೊತ್ತು ಇಳಿದ ಮೇಲೆ ಮನೆ ಸೇರಿ, "ಮೀನು ಹಿಡಿಯೋವಾಗ ಬೂಟು ನೀರಿಗ್ಬಿತ್ತು" ಎಂದು ನಮಗೆ ಹೇಳಿ, ಮರಗಟ್ಟಿದ ಕಾಲು ಕಾಯಿಸಲು ಹಿತ್ತಿಲಲ್ಲಿದ್ದ ಸೌನಾದ ಹಬೆಕೋಣೆ ಹೊಕ್ಕ.

ಪೊಲೀಸರು ಆ ಬೂಟು ಹಿಡಿದು ಮನೆಮನೆ ತಿರುಗಿ, ಸಂಜೆಯ ಹೊತ್ತಿಗೆ ನಮ್ಮ ಅಡುಗೆಮನೆಗೂ ಬಂದರು. ಹಿಮ್ಮಡಿಗೆ ಕೆಂಪು ದಾರದ ತೇಪೆಯಿತ್ತು. ಅದನ್ನು ಹೊಲಿದವಳು ನಾನು.

"ಇದು ನಮ್ಮನೇದಲ್ಲ ಸ್ವಾಮಿ" ಎಂದ ಅಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

"ತುಳೀಬೇಡಮ್ಮ" ಅಂದೆ. "ತೇಪೆ ಹಾಕಿದ್ದು ನಾನೇ. ಬೂಟು ಅಣ್ಣಂದು. ಸೌನಾದಲ್ಲಿದಾನೆ."

"ಒಡಹುಟ್ಟಿದೋನ್ನೇ ಹಿಡ್ಕೊಟ್ಯಲ್ಲೇ, ಪಾಪಿ!"

"ಹೂಂ, ಕೊಟ್ಟೆ. ಹಿಲ್ಕನ ಮಕ್ಕಳು ಎದುರಿಗೆ ಬಂದ್ರೆ ನಾನು ಮುಖ ಎಲ್ಲಿ ಇಟ್ಕೊಳ್ಲಿ?"

ಅಮ್ಮ ಸಾಯುವವರೆಗೂ ನನ್ನೊಡನೆ ಮಾತಾಡಲಿಲ್ಲ. ಆಡದಿದ್ದರೆ ಬಿಡಲಿ. ಅವಳ ಹಾಸಿಗೆ ತೊಳೆದವಳೂ ನಾನೇ.

ಹದಿನಾಲ್ಕು ವರ್ಷ ಜೈಲಿನಲ್ಲಿದ್ದು ಅಣ್ಣ ಬಂದ. ಬಾಗಿಲು ತೆಗೆದೆ. ತಲೆ ಪೂರಾ ಬೆಳ್ಳಗಾಗಿತ್ತು.

"ಇರ್ಯಾ, ಕಾಫಿ ಇದ್ಯೇನೇ?" ಎನ್ನುತ್ತ ಬಗ್ಗಿ ಬೂಟಿನ ದಾರಕ್ಕೆ ಕೈಹಾಕಿದ.

ಹೊಸ್ತಿಲಿಗೆ ಅಡ್ಡವಾಗಿ ನಿಂತೆ.

"ಬೂಟು ಬಿಚ್ಚಬೇಡ ಅಣ್ಣ" ಅಂದೆ.

ಕಾಫಿಯನ್ನು ಹೊಸ್ತಿಲಾಚೆಗೇ ತಂದುಕೊಟ್ಟೆ. ಮೆಟ್ಟಿಲ ಮೇಲೆ ನಿಂತೇ ಕುಡಿದ. ಲೋಟ ನನ್ನ ಕೈಗಿಟ್ಟು, ಬಿಚ್ಚಿದ್ದ ಒಂದು ಗಂಟನ್ನು ಮತ್ತೆ ಕಟ್ಟಿಕೊಂಡು ಹೋದ.