ಊಟದ ಮೇಜು ಮತ್ತು ಹೆಸರುಕಾಳಿನಷ್ಟು ಅಕ್ಷರ

ನನ್ನ ಸಿಟ್ಟೆಲ್ಲ ಒಂದು ಊಟದ ಮೇಜಿನ ಮೇಲೆ. ಮೇಜಿನದೇನೂ ತಪ್ಪಿಲ್ಲ, ಪಾಪ. ಜಪಾನಿನ ಕಾವಾಸಾಕಿ ಊರಿನ ನಮ್ಮ ಪುಟ್ಟ ಮನೆಯಲ್ಲಿ ಇರುವುದೇ ಅದೊಂದು. ಕೊರೋನಾ ಬಂದ ವರ್ಷ ನಮ್ಮವರ ಆಫೀಸು ಅದರ ಒಂದು ತುದಿಗೆ ಬಂದು ಕೂತಿತು, ಮಗಳ ಶಾಲೆ ಇನ್ನೊಂದು ತುದಿಗೆ. ನನ್ನ ಕುಂಚ, ಮಸಿ ತೇಯುವ ಕಲ್ಲು, ಕಾಗದಗಳಿಗೆ ಸಿಕ್ಕಿದ್ದು ಇಸ್ತ್ರಿ ಮಾಡುವ ಹಲಗೆ.

"ಚಿಕ್ಕ ಅಕ್ಷರ ತಾನೇ ಕಣೇ, ಚಿಕ್ಕ ಜಾಗ ಸಾಕಲ್ವಾ?" ಎಂದರು ನಮ್ಮವರು, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ.

ನೀವೇ ಹೇಳಿ, ಈ ಮಾತಿಗೆ ಮೈ ಉರಿಯದೆ ಇದ್ದೀತೇ? ನಾನು ಕಲಿಯುತ್ತಿರುವುದು ಚೀನಾದಿಂದ ಇಲ್ಲಿಗೆ ಬಂದ ಪುಟ್ಟ ಅಕ್ಷರದ ಬರವಣಿಗೆ. ಒಂದೊಂದೂ ಹೆಸರುಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಹಾಗೆಂದು ಯಾವ ಗೆರೆಗೂ ರಿಯಾಯಿತಿಯಿಲ್ಲ. ಕುಂಚದ ತುದಿಯನ್ನು ಊರಬೇಕು, ಎಳೆಯಬೇಕು, ಕೊನೆಯಲ್ಲಿ ತಡೆದು ಎತ್ತಬೇಕು. ದೊಡ್ಡ ಅಕ್ಷರಕ್ಕಾದರೆ ಮೊಣಕೈ ಗಾಳಿಯಲ್ಲಿ. ಇದಕ್ಕೆ ಎಡಗೈಯನ್ನು ಮೇಜಿನ ಮೇಲೆ ಮಲಗಿಸಿ ಬಲಗೈಯ ಮಣಿಕಟ್ಟಿಗೆ ಅದನ್ನೇ ದಿಂಬು ಮಾಡಬೇಕು. ಇಸ್ತ್ರಿ ಹಲಗೆಯ ಮೇಲೆ ಇದನ್ನು ಮಾಡಿ ನೋಡಿ. ಮಗಳು ಕುರ್ಚಿ ಎಳೆದರೂ ಗೆರೆ ನಡುಗುತ್ತದೆ.

ಸಾವಿರದೆಂಟುನೂರು ವರ್ಷಗಳಷ್ಟು ಹಿಂದೆ ಈ ಬರಹವನ್ನು ತಿದ್ದಿ ತೀಡಿದವರು ಚೀನಾದ ಆಸ್ಥಾನದ ಅಧಿಕಾರಿಗಳು. ದೊರೆಗೆ ಅರಿಕೆ ಪತ್ರ ಬರೆಯುತ್ತಿದ್ದರು. ಆ ಮೂಲ ಹಾಳೆಗಳು ಉಳಿದಿಲ್ಲ. ನಕಲು ಮಾಡಿ, ನಕಲನ್ನು ಕಲ್ಲಿನಲ್ಲಿ ಕೊರೆದು, ಕಲ್ಲಿನಿಂದ ಅಚ್ಚು ತೆಗೆದು, ಮೂಲದ ಆ ಮರಿಮೊಮ್ಮಗನನ್ನೇ ಇಂದು ನಾವು ಗುರುವೆಂದು ಮುಂದಿಟ್ಟುಕೊಳ್ಳುತ್ತೇವೆ. ಮುಂದೆ ಸರ್ಕಾರಿ ಪರೀಕ್ಷೆಯ ಉತ್ತರಗಳನ್ನೂ ಇದರಲ್ಲೇ ಬರೆಯಬೇಕಾಯಿತು. ಅಕ್ಷರ ನೆಟ್ಟಗಿಲ್ಲದಿದ್ದರೆ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದೂ ಅನ್ಯಾಯವೇ. ಆದರೆ ಅವರಿಗೆ ಬರೆಯಲು ಒಂದು ಮೇಜಾದರೂ ಇತ್ತು.

ಬಡಾವಣೆಯ ಸಭಾಂಗಣದಲ್ಲಿ ನಡೆಯುತ್ತಿದ್ದ ತರಗತಿ ಮುಚ್ಚಿದ ಮೇಲೆ ನನ್ನ ಹಾಳೆಗಳು ಅಂಚೆಯಲ್ಲಿ ಹೋಗಿ, ಗುರುಗಳ ಕೆಂಪು ಮಸಿಯ ತಿದ್ದುಪಡಿ ಹೊತ್ತು ಬರುತ್ತಿದ್ದವು. ಒಮ್ಮೆ ಗುರುಗಳೇ ಫೋನು ಮಾಡಿದರು. ಹಯಾಶಿ ಸೆನ್ಸೇ ಎಪ್ಪತ್ತು ದಾಟಿದವರು. ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ.

"ಸುಮಿಮಾಸೆನ್, ಕ್ಷಮಿಸಿ, ನಿಮ್ಮ ಅಕ್ಷರಕ್ಕೆ ಉಸಿರಾಡಲು ಜಾಗವಿಲ್ಲ. ದೊಡ್ಡ ಅಕ್ಷರವನ್ನು ಬಿಗಿಯಾಗಿ ಕಟ್ಟಬೇಕು, ಚಿಕ್ಕದನ್ನು ಒಳಗೆ ಸಡಿಲ ಬಿಡಬೇಕು. ಮುಂದಿನ ಹಾಳೆಯೂ ಹೀಗೇ ಇದ್ದರೆ ಮತ್ತೆ ದೊಡ್ಡ ಅಕ್ಷರಕ್ಕೆ ಹೋಗೋಣವೇ?"

ಜಪಾನಿನಲ್ಲಿ ಇಷ್ಟು ವಿನಯದಿಂದ ಕೇಳಿದರೆ ಅದು ಪ್ರಶ್ನೆಯಲ್ಲ. ವರ್ಷಗಟ್ಟಲೆ ದೊಡ್ಡ ಅಕ್ಷರ ಕಲಿತು ಚಿಕ್ಕದಕ್ಕೆ ಬಂದವಳು ನಾನು, ಮತ್ತೆ ಒಂದನೇ ಕ್ಲಾಸಿನ ಬೆಂಚಿಗೆ! ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು. ಮರುದಿನ ಎಲ್ಲರಿಗಿಂತ ಮೊದಲೆದ್ದು ಮೇಜಿನ ನಟ್ಟನಡುವೆ ಮಸಿಕಲ್ಲು ಇಟ್ಟೆ. ಲ್ಯಾಪ್‌ಟಾಪು ಹಿಡಿದು ಬಂದ ನಮ್ಮವರಿಗೆ ಇಸ್ತ್ರಿ ಹಲಗೆ ತೋರಿಸಿದೆ.

ಆ ವಾರದ ಹಾಳೆ ತಿರುಗಿ ಬಂತು. ಬಾಗಿಲಿನ ಎರಡು ಕದಗಳ ನಡುವೆ ಸೂರ್ಯನಿರುವ ಅಕ್ಷರವೊಂದಿದೆ. ನಡುವಿನ ಜಾಗ ಎಂದು ಅದರ ಅರ್ಥ. ಇಷ್ಟು ದಿನ ನನ್ನ ಸೂರ್ಯ ಕದದ ಸಂದಿಗೆ ಸಿಕ್ಕಿದ ಬೆರಳಿನಂತಿದ್ದ. ಈ ಸಲ ಅವನ ಸುತ್ತ ಬಿಳಿ ಉಳಿದಿತ್ತು, ಪಕ್ಕದಲ್ಲಿ ಸೆನ್ಸೇಯ ಕೆಂಪು ಸೊನ್ನೆ. ಈ ಊರಲ್ಲಿ ಸೊನ್ನೆಯೆಂದರೆ ಶಹಬಾಸ್. ದೊಡ್ಡ ಅಕ್ಷರದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಅತ್ತ ನಮ್ಮವರು ನಿಂತುಕೊಂಡೇ ಮೀಟಿಂಗು ಮುಗಿಸಿ, ಪರದೆಯೊಳಗಿನ ಆಫೀಸಿನ ತಾನಾಕಾ-ಸಾನ್‌ಗೆ ಬಾಗಿ ವಂದಿಸಿದರು. ಹಲಗೆಯೂ ಬಾಗಿತು.

"ಇದ್ರ ಮೇಲೆ ಟೈಪ್ ಮಾಡೋಕೆ ಜಾಗ ಎಲ್ಲಿದೆ ಕಣೇ?"

"ಚಿಕ್ಕ ಅಕ್ಷರ ತಾನೇ ರೀ," ಎಂದೆ.

ಬೆಳಗಿನ ಹೊತ್ತು ಮೇಜು ನನ್ನದೆಂದು ಅಂದೇ ತೀರ್ಮಾನವಾಯಿತು. ಸಿಟ್ಟನ್ನು ಮಾತ್ರ ನಾನು ಪೂರ್ತಿ ಇಳಿಸಿಲ್ಲ. ಇಳಿಸಿದರೆ ಮೇಜು ಹೋಗುತ್ತದೆ.